ಗೋಡೆಗೆ ಒರಗಿದ ತೊಟ್ಟಿಲು

ಸಂಡೂರಿನ ಅದಿರು ಗಣಿಯಲ್ಲಿ ನನ್ನ ಗಂಡ ಸುರಂಗದ ಮೇಸ್ತ್ರಿ. ನಮಗೆ ಗುಡ್ಡದ ಬುಡದಲ್ಲಿ ಒಂದು ಹಲಗೆ ಮನೆ ಕೊಟ್ಟಿದ್ದರು. ಅಲ್ಲಿನ ಮಣ್ಣು ಸಡಿಲವೆಂದು ಉದ್ದುದ್ದ ಮರದ ಕಂಬಗಳನ್ನು ನೆಲದಾಳಕ್ಕೆ ಬಡಿದು, ಅವುಗಳ ತಲೆಯ ಮೇಲೆ ಮನೆ ಕೂರಿಸಿದ್ದರು. ಹೊಸಪೇಟೆಯ ಕಲ್ಲಿನ ಮನೆಯಲ್ಲಿ ಬೆಳೆದ ನನಗೆ ಅದು ಮನೆ ಅನ್ನಿಸಲೇ ಇಲ್ಲ. ಅಟ್ಟದ ಮೇಲೆ ಸಂಸಾರ ಹೂಡಿದಂತಿತ್ತು.

ಕೂಸಿನ ತೊಟ್ಟಿಲು ತೊಲೆಯಿಂದ ಇಳಿದು, ಗುಡ್ಡದ ಕಡೆಯ ಗೋಡೆಗುಂಟ ತೂಗುತ್ತಿತ್ತು. ನಡುವೆ ಅಂಗೈ ತೂರುವಷ್ಟು ಸಂದು. ಒಂದು ಮಧ್ಯಾಹ್ನ ನೋಡಿದರೆ ಸುಣ್ಣದ ಮೇಲೆ ತೊಟ್ಟಿಲು ಗೀರಿದ ಗುರುತು. ಕೂಸು ನನ್ನ ಮಡಿಲಲ್ಲೇ ಮಲಗಿತ್ತು.

"ಖಾಲಿ ತೊಟ್ಲಾ ಯಾಕ ತೂಗಿದಿ? ಕೂಸಿಗೆ ಕೇಡು ಅಂತ ಗೊತ್ತಿಲ್ಲೇನು?" ಅತ್ತೆ ಸಿಡುಕಿದರು.

ನಾನು ಮುಟ್ಟಿಯೇ ಇರಲಿಲ್ಲ. ಅತ್ತೆ ತೊಲೆಗೆ ನಿಂಬೆಹಣ್ಣು ಕಟ್ಟಿದರು. ಆದರೂ ದಿನ ಕಳೆದಂತೆ ತೊಟ್ಟಿಲು ಗೋಡೆಗೆ ಒರಗಿತು. ಎಳೆದು ಬಿಟ್ಟರೆ ಮತ್ತೆ ಅಲ್ಲಿಗೇ ಹೋಗಿ, ಯಾರೋ ಒಳಗೆ ಕೂತಂತೆ ಸುಮ್ಮನಾಗುತ್ತಿತ್ತು. ಹಿಂದೆ ಸರಿದು ಮೂಲೆಗಂಬಕ್ಕೆ ಆತುಕೊಂಡೆ. ಕಂಬದೊಳಗೆ ಟಕ್, ಟಕ್. ನಡುವೆ ಯಾರೋ ನಕ್ಕ ಹಾಗೆ. ಇವತ್ತಿಗೂ ಆಣೆ ಮಾಡಿ ಹೇಳುತ್ತೇನೆ, ನಕ್ಕರು.

ಊಟಕ್ಕೆ ಬಂದ ಗಂಡನನ್ನು ಕರೆದೆ. "ಬರ್ರಿ, ಇಲ್ಲಿ ಕಿವಿ ಇಡ್ರಿ."

"ಅದು ನಮ್ಮ ಮಂದಿ ಸುರಂಗ ಹೊಡಿಯೋ ಸಪ್ಪಳ. ಮನಿ ಕೆಳಗ ಬರಂಗಿಲ್ಲ, ಬಗಲಾಗ ಹೋಗತೈತಿ. ಅಂಜಬ್ಯಾಡ," ಅಂತ ನಕ್ಕರು.

"ಹಂಗಾರ ಈ ತೊಟ್ಲಾ ಯಾಕ ಗೋಡಿಗೆ ಹೋಗಿ ನಿಂತೈತಿ?"

ಅವರ ನಗು ನಿಂತಿತು. ದಾರಕ್ಕೆ ಗುಂಡು ಕಟ್ಟಿ ಬಾಗಿಲ ಚೌಕಟ್ಟಿನ ಮೇಲಿನಿಂದ ಇಳಿಬಿಟ್ಟರು. ದಾರ ನೆಟ್ಟಗಿತ್ತು, ಚೌಕಟ್ಟು ಗುಡ್ಡದ ಕಡೆಗೆ ವಾಲಿತ್ತು. ಆ ಸುರಂಗ ಅಗೆಸುತ್ತಿದ್ದವರು ಅವರೇ.

"ತೊಟ್ಲಾ ಸರದಿಲ್ಲ, ಮನೀನ ವಾಲೈತಿ. ಮಣ್ಣು ಸುರಂಗದ ಕಡಿ ಜರಗಿ ಕಂಬಗಳ ಹಿಡಿತ ಬಿಟ್ಟೈತಿ. ಕೂಸಿನ್ನ ಎತ್ಕೋ, ಜಲ್ದಿ!"

ಸುರಂಗದ ಆಳುಗಳನ್ನು ಹೊರಗೆ ಕರೆಯಲು ಅವರು ಓಡಿದರು. ನಾನೂ ಅತ್ತೆಯೂ ಕೂಸಿನೊಂದಿಗೆ ಬೇವಿನ ಮರದಡಿ ನಿಂತೆವು. ಬಿಸಿಲು ಇಳಿಯುವ ಹೊತ್ತಿಗೆ, ಆಳುಗಳೆಲ್ಲ ಹೊರಬಂದ ಮೇಲೆ, ಮನೆ ನರಳಿತು. ಗುಡ್ಡದ ಕಡೆಯ ಕಂಬಗಳು ನೆಲದೊಳಗೆ ಜಾರಿದವು. ಆ ಗೋಡೆ ಹಲಗೆ ಹಲಗೆಯಾಗಿ ಕಳಚಿ ಬಿತ್ತು. ಒರಗಲು ಗೋಡೆಯಿಲ್ಲದ ತೊಟ್ಟಿಲು, ನಮ್ಮ ಕಣ್ಣೆದುರೇ, ಯಾರೂ ಮುಟ್ಟದೆ ತೂಗತೊಡಗಿತು.

ಅತ್ತೆ ಕೂಸಿನ ಮುಖವನ್ನು ಎದೆಗೆ ಒತ್ತಿಕೊಂಡು ಅದನ್ನೇ ನೋಡುತ್ತಿದ್ದರು.

"ಖಾಲಿ ಐತಲ್ಲವ್ವಾ," ಅಂದರು. "ಖಾಲಿ ಐತಲ್ಲ."