ಆತಿಕಾ ಕಂಡ ಗಾಜಿನ ಚಿಪ್ಪುಗಳು

ಶಿವಾಜಿನಗರದ ಆತಿಕಾಗೆ ಗೆರೆಗಳನ್ನು ಓದಲು ಕಲಿಸಿದ್ದು ಅವಳ ತಂದೆ. ಜರಿ ವ್ಯಾಪಾರಿ ಮುನಾವರ್ ಸೀರೆಯ ಅಂಚನ್ನು ಬೆಳಕಿಗೆ ಹಿಡಿದು, ಎಳೆಗಳು ಎಷ್ಟು ಒತ್ತಾಗಿವೆ ಎಂದು ನೋಡಿಯೇ ಅದು ಯಾವ ಊರಿನ ಮಗ್ಗದ್ದೆಂದು ಹೇಳುತ್ತಿದ್ದರು. ಇಂದಿರಾನಗರದ ನೀರು ಪರೀಕ್ಷೆಯ ಲ್ಯಾಬಿನಲ್ಲಿ ಆತಿಕಾ ಈಗ ಡಯಾಟಮ್‌ಗಳನ್ನು ಹಾಗೆಯೇ ಗುರುತಿಸುತ್ತಾಳೆ. ಕಣ್ಣಿಗೆ ಕಾಣದ ಈ ಪಾಚಿಗಳಿಗೆ ಗಾಜಿನ ಚಿಪ್ಪು. ಒಂದು ದೋಣಿಯಂತೆ, ಇನ್ನೊಂದು ಬಿಲ್ಲೆಯಂತೆ. ನಡುವಿನ ಸೀಳು ಎಲ್ಲಿ ಬಾಗಿದೆ, ಗೆರೆಗಳು ಎಷ್ಟು ಒತ್ತೊತ್ತಾಗಿವೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಜಾತಿ ಹೇಳಬೇಕು. ಜಾತಿ ತಿಳಿದರೆ ನೀರಿನ ಗುಣ ತಿಳಿಯುತ್ತದೆ.

ಕೆ.ಆರ್. ಪುರದ ಹತ್ತಿರ ಹೂಳೆತ್ತಿದ ಕೆರೆಯೊಂದರ ನೀರಿನಲ್ಲಿ ಅವಳಿಗೆ ತಿಳಿನೀರಿನ ಜಾತಿಗಳೇ ಸಿಕ್ಕಿದವು. ಕೆರೆಗೆ ಜೀವ ಬಂದಿದೆ ಎಂದು ಬರೆದುಕೊಟ್ಟಳು. ಅದನ್ನು ನಂಬಿ, ಹಿಂದೆ ಅಲ್ಲಿ ಬಲೆ ಬೀಸುತ್ತಿದ್ದ ಮುನಿಶಾಮಿ ಮೀನುಮರಿ ತರಿಸಿದರು.

ಮರಿ ಬಿಡುವ ದಿನ ಬೆಳಿಗ್ಗೆ ಕೆರೆಯಿಂದ ಹೊಸ ನೀರು ಬಂತು. ಗೆರೆಗಳು ಸ್ಪಷ್ಟವಾಗಿ ಕಾಣಲೆಂದು ಎಂದಿನಂತೆ ಆಸಿಡ್‌ನಲ್ಲಿ ತೊಳೆಯುವ ಮೊದಲು ಆತಿಕಾ ಯಾಕೋ ಒಂದು ಹನಿಯನ್ನು ಹಾಗೆಯೇ ನೋಡಿದಳು. ಬದುಕಿರುವ ಡಯಾಟಮಿನೊಳಗೆ ಜೇನಿನ ಬಣ್ಣವಿರುತ್ತದೆ. ತಿಳಿನೀರಿನ ಜಾತಿಗಳ ಚಿಪ್ಪುಗಳೆಲ್ಲ ಬರಿದಾಗಿದ್ದವು. ಬಣ್ಣ ಉಳಿದಿದ್ದದ್ದು ಕೊಳಚೆಯಲ್ಲೂ ಬದುಕುವ ಒಂದೇ ಜಾತಿಯಲ್ಲಿ. ಅವಳು ಆಟೋ ಹಿಡಿದಳು.

ನೀರಿನ ತಂಪು ಮರಿಗಳಿಗೆ ಒಗ್ಗಲೆಂದು ಮರಿಗಳಿದ್ದ ಗಾಳಿ ತುಂಬಿದ ಪ್ಲಾಸ್ಟಿಕ್ ಕವರುಗಳನ್ನು ಮುನಿಶಾಮಿ ಆಗಲೇ ದಡದಲ್ಲಿ ತೇಲಿಬಿಟ್ಟಿದ್ದರು.

“ಬನ್ನಿ ಮೇಡಮ್ಮ. ಮೊದಲ್ನೇದು ನೀವೇ ಬಿಚ್ಚಿ.”

“ಬಿಡ್ಬೇಡಿ ಮುನಿಶಾಮಣ್ಣ. ನಾನು ತಪ್ಪು ಹೇಳ್ಬಿಟ್ಟೆ.”

“ನೀವೇ ಬರ್ಕೊಟ್ರಲ್ಲ, ಜೀವ ಬಂದಿದೆ ಅಂತ?”

“ನಾನು ನೋಡಿದ್ದು ಬರೀ ಚಿಪ್ಪು. ಆಸಿಡ್ ಹಾಕಿದ್ರೆ ಒಳಗಿರೋದೆಲ್ಲ ಸುಟ್ಟೋಗುತ್ತೆ. ಬದುಕಿತ್ತೋ ಸತ್ತಿತ್ತೋ ಗೊತ್ತಾಗಲ್ಲ. ಅವು ಹಳೇ ಕೆರೇವು. ಹೂಳು ಕೆದಕಿದಾಗ ಮೇಲೆ ಬಂದಿವೆ.”

“ಎಷ್ಟು ಹಳೇವು?”

“ನೀವು ಬಲೆ ಬೀಸ್ತಿದ್ದ ಕಾಲದವೂ ಇರಬಹುದು.”

ಮುನಿಶಾಮಿ ಪಂಚೆ ಮೇಲೆತ್ತಿ ಕಟ್ಟಿದರು. “ಒಳ್ಳೇ ಕೆಲ್ಸ ನಿಮ್ದು. ನಿಮ್ಮವು ಸತ್ರೂ ಚೆಂದ. ನಮ್ ಮೀನು ಸತ್ರೆ ಬೀದಿಯೆಲ್ಲ ನಾರುತ್ತೆ.”

ಅವರು ಮೊಣಕಾಲುದ್ದ ನೀರಿಗಿಳಿದು ಒಂದೊಂದೇ ಕವರನ್ನು ಎಳೆಯತೊಡಗಿದಾಗ ಅವಳೂ ಸಲ್ವಾರ್ ಮೇಲೆತ್ತಿಕೊಂಡು ಇಳಿದಳು.

“ಹುಷಾರು ಕಣಮ್ಮ, ಜಾರುತ್ತೆ.”

ಇಬ್ಬರೂ ಸೇರಿ ಕವರುಗಳನ್ನು ಮರಿ ತಂದಿದ್ದ ಟೆಂಪೋಗೆ ಏರಿಸಿದರು. ಮುನಿಶಾಮಿ ಮರಿ ಕೊಟ್ಟವನಿಗೆ ಫೋನ್ ಮಾಡಿದರು.

“ವಾಪಸ್ ತರ್ತಿದ್ದೀನಿ ಗುರು. ಇಲ್ಲ, ಮರಿಗೇನೂ ಆಗಿಲ್ಲ. ಕೆರೇಗೆ ಇನ್ನೂ ಹುಷಾರಿಲ್ಲ.”