ಮಾದಯ್ಯ ಎಣ್ಣೆ ಹಚ್ಚಿದ ಚಿತ್ರ

ಪೆನ್ನಾಗರಂ ಕಡೆಯ ಕುರಿ ಸಾಕುವ ಮನೆತನದ ಮಾದಯ್ಯನು ಸೇಲಂನ ಒಂದು ಸಣ್ಣ ಖಾಸಗಿ ವಸ್ತುಸಂಗ್ರಹಾಲಯದಲ್ಲಿ ಕಾವಲುಗಾರನಾಗಿದ್ದನು. ನಾನು ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗಲೆಲ್ಲ, ಕನ್ನಡ ಕೇಳಿದ ಸಂತೋಷಕ್ಕೆ ತಾನೇ ನೀರು ತಂದುಕೊಡುತ್ತಿದ್ದನು.

ಅಲ್ಲಿನ ಒಳಕೋಣೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಬಿಳಿಯರು ಬರೆದ ರಾತ್ರಿಯ ಚಿತ್ರಗಳಿದ್ದವು: ಹೊತ್ತಿ ಉರಿಯುವ ಹಡಗು, ಸಿಡಿಲು ಬಡಿದ ಕೋಟೆ, ಬಿರುಗಾಳಿಗೆ ಸಿಕ್ಕ ದೋಣಿ. ದೋಣಿಯ ಅಂಚಿನಲ್ಲಿ ಲಾಂದ್ರ ಹಿಡಿದ ಹುಡುಗಿಯೊಬ್ಬಳು. ಅಷ್ಟು ಕತ್ತಲೆಯಲ್ಲಿ ಬೆಳಗುತ್ತಿದ್ದುದು ಅವಳ ಮುಖವೊಂದೇ.

“ನಮ್ಮ ಮುನಿಲಕ್ಷ್ಮಿ, ಸಾರ್. ಅದೇ ಅಣೆ, ಅದೇ ಗದ್ದ” ಎನ್ನುತ್ತಿದ್ದನು.

1993ರ ಆಡಿ ಹದಿನೆಂಟರ ಹೊಳೆಹಬ್ಬದಂದು ಕಾವೇರಿಯಲ್ಲಿ ಮೀಯಲು ಹೋದಾಗ, ಹೊಗೆನಕಲ್‌ನಲ್ಲಿ ಹರಿಗೋಲು ಮಗುಚಿ ಅವನ ಒಬ್ಬಳೇ ಮಗಳು ನೀರುಪಾಲಾಗಿದ್ದಳು. ಹೆಣ ಸಿಗಲಿಲ್ಲ. ಮನೆಯಲ್ಲಿ ಅವಳದೊಂದು ಫೋಟೋ ಸಹ ಇರಲಿಲ್ಲ.

ಹೆಂಡತಿ ಪೊನ್ನಮ್ಮ ಮಾತ್ರ ಆ ಚಿತ್ರ ನೋಡಲು ಒಪ್ಪಿರಲಿಲ್ಲ. “ಯಾವಳೋ ದೊರೆಸಾನಿ ಬೊಂಬೆ ತೋರ್ಸಿ ಮಗ್ಳು ಅಂತೀಯಲ್ಲಾ, ಬುದ್ಧಿ ಐತಾ ನಿಂಗೆ?” ಎಂದು ಗದರುತ್ತಿದ್ದಳು. ಮೂರು ವರ್ಷ ಕಳೆದ ಮೇಲೆ ಒಂದು ದಿನ ತಾನಾಗಿಯೇ ಅಂದಳು: “ಅವ್ಳ ಮೊಕ ನೆಪ್ಪಿಗೇ ಬರ್ತಿಲ್ಲ. ದೀಪಾವಳಿ ಕಳೀಲಿ, ನನ್ನೂ ಕರ್ಕೊಂಡೋಗು.”

ಮಾದಯ್ಯನಿಗೆ ಆತುರವಾಯಿತು. ಚಿತ್ರವು ಮಸುಕಾಗುತ್ತ ಬಂದಿತ್ತು. ಅವರ ಮನೆತನದಲ್ಲಿ ಸತ್ತವರ ಹೆಸರಿನಲ್ಲಿ ಕಲ್ಲು ನೆಟ್ಟು, ವರ್ಷಕ್ಕೊಮ್ಮೆ ಹರಳೆಣ್ಣೆ ಹಚ್ಚುವರು. ಕಲ್ಲು ಮಿರಮಿರನೆ ಮಿಂಚುವುದು. ನೀರಿಗೆ ಹೋದವರಿಗೆ ಕಲ್ಲಿಲ್ಲ. ಹೀಗಾಗಿ ಅವನು ಚಿತ್ರಕ್ಕೇ ಎಣ್ಣೆ ಹಚ್ಚಿದನು. ಮುಖವು ಮಿಂಚಿತು. ಧೂಳು ಅಂಟಿ ಮಂಕಾದಂತೆಲ್ಲ ಮತ್ತೆ ಮತ್ತೆ ಹಚ್ಚಿದನು.

ದೀಪಾವಳಿ ಕಳೆದ ಭಾನುವಾರ ನಾನೂ ಅವರ ಜೊತೆಯಲ್ಲಿ ಬಸ್ಸಿನಲ್ಲಿ ಹೋದೆನು. ಪೊನ್ನಮ್ಮ ಮಗಳಿಗೆಂದು ಒಂದು ಮೊಳ ಕನಕಾಂಬರ ತಂದಿದ್ದಳು. ಚಿತ್ರದ ಮುಂದೆ ನಿಂತು ಕೇಳಿದಳು:

“ಎಲ್ಲವ್ಳೆ?”

“ಇಕೋ, ಇಲ್ಲಿ. ಲಾಟೀನು ಇಡ್ಕೊಂಡು.”

“ಬರೀ ಕಪ್ಪೈತಲ್ಲಾ.”

ಅವನು ಬೆರಳಿಟ್ಟು ತೋರಿಸಿದನು. ನಾನೂ ಕಣ್ಣು ಕಿರಿದು ಮಾಡಿ ನೋಡಿದೆನು. ಲಾಂದ್ರವೂ ಇರಲಿಲ್ಲ, ಮುಖವೂ ಇರಲಿಲ್ಲ. ದಿನವೂ ನೋಡುತ್ತಿದ್ದ ಅವನೊಬ್ಬನಿಗೇ ಅದು ಇನ್ನೂ ಕಾಣುತ್ತಿತ್ತು.

ಪೊನ್ನಮ್ಮ ಮಗುವಿನ ಮೂತಿ ಒರೆಸುವಂತೆ ಸೆರಗಿನ ತುದಿಯಿಂದ ಅಲ್ಲಿ ಮೆಲ್ಲಗೆ ಒರೆಸಿದಳು. ಸೆರಗಿಗೆ ಕಪ್ಪು ಜಿಡ್ಡು ಹತ್ತಿತು, ಅಷ್ಟೇ. ಹೂವನ್ನು ಮತ್ತೆ ಚೀಲದೊಳಗೆ ಇಟ್ಟುಕೊಂಡಳು.

ಮಾದಯ್ಯನು ಬಗ್ಗಿ ಬಹಳ ಹೊತ್ತು ನೋಡಿದನು.

“ನಂಗೂ ಈಗ ಕಾಣ್ತಿಲ್ಲ ಕಣೆ” ಎಂದನು.