ಬರೆದ ಮೇಲೆ ಮೊಹರು

ಇವತ್ತು ಬೆಳಿಗ್ಗೆ ಟಪಾಲು ಮೇಜಿನ ಡ್ರಾಯರ್ ಎಳೆದಾಗ ಸ್ಟಾಂಪ್ ಪ್ಯಾಡಿನ ನೇರಳೆ ಶಾಯಿಯ ವಾಸನೆ ಗಪ್ಪಂತ ಮೂಗಿಗೆ ಬಡೀತು. ಪ್ಯಾಡು ಒಣಗಿ ಗಟ್ಟಿಯಾಗಿತ್ತು. ಆದರೂ ಆ ವಾಸನೆ... ಟಪಾಲು ಸಾರ್ ಪಕ್ಕದಲ್ಲೇ ನಿಂತು "ಏನಮ್ಮ, ಏನು ಹುಡುಕ್ತಿದ್ದೀಯ?" ಅಂದಂಗಾಯ್ತು.

ಮಧುಗಿರಿಯ ನಮ್ಮ ಕಾಲೇಜಿಗೆ ಬರುವ ಅರ್ಜಿ, ಕಾಗದ ಎಲ್ಲ ಆಗ ಅವರ ಕಿಟಕಿಯಿಂದಲೇ ಒಳಗೆ ಬರಬೇಕಿತ್ತು. ಅದಕ್ಕೇ ಎಲ್ಲರಿಗೂ ಅವರು ಟಪಾಲು ಸಾರ್. ಅರ್ಜಿ ಇಸ್ಕೊಂಡರೆ ಮೊದಲು ಇನ್ವರ್ಡ್ ರಿಜಿಸ್ಟರಿನಲ್ಲಿ ಬರೆಯೋರು: ಯಾರಿಂದ, ಏನು, ಯಾರಿಗೆ. ಬರೆದದ್ದನ್ನ ಬೆರಳಿಟ್ಟು ಓದಿ ನೋಡಿದ ಮೇಲೇ ಅರ್ಜಿದಾರರಿಗೆ ಕೊಡೋ ರಸೀದಿ ಚೀಟಿ ಮೇಲೆ 'ತಲುಪಿದೆ' ಅನ್ನೋ ಮೊಹರು. ಹೊರಗೆ ಸಾಲು ಗೇಟಿನ ತನಕ ಬೆಳೆದಿದ್ದರೂ ಮನುಷ್ಯ ಜಗ್ಗೋರಲ್ಲ. ತಪ್ಪಿ ಬೇರೆ ಕಚೇರಿಯ ಅರ್ಜಿ ತಂದವರನ್ನೂ ಸುಮ್ಮನೆ ಅಟ್ಟುತ್ತಿರಲಿಲ್ಲ. ಎಲ್ಲಿಗೆ ಹೋಗಬೇಕು ಅಂತ ಬರೆದು ಕೊಡೋರು. "ಕೇಳ್ಕೊಂಡು ಬಂದೋರ್ಗೆ ಉತ್ರ ಕೊಡ್ಬೇಕು ಕಣಮ್ಮ. ಇಲ್ಲ ಅನ್ನೋದಾದ್ರೂ ಬಾಯ್ಬುಟ್ಟು ಯೋಳ್ಬೇಕು" ಅನ್ನೋರು.

ನಾನು ಅದೇ ಕಾಲೇಜಿನ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಮಾಡೋಳು. ಆಗ ನನಗೆ ಸ್ವಲ್ಪ ಕೊಬ್ಬು ಜಾಸ್ತಿನೇ ಇತ್ತು. ಹಾಸ್ಟೆಲ್ ಅರ್ಜಿಯನ್ನ ಆನ್‌ಲೈನ್ ಮಾಡಿ ಅಂದಾಗ, ಅದೇನು ಮಹಾ ಅಂತ ಒಪ್ಪಿಕೊಂಡೆ. ವೆಬ್‌ಸೈಟ್ ಕಟ್ಟೋಕೆ ಸಿದ್ಧವಾಗಿ ಸಿಗೋ ವೆಬ್ ಫ್ರೇಮ್‌ವರ್ಕಿನಲ್ಲಿ ಕೆಲಸ ಇಷ್ಟೇ: ಹುಡುಗಿ ಫೋನಿನಲ್ಲಿ ಬಟನ್ ಒತ್ತಿದರೆ ಅವಳ ರಿಕ್ವೆಸ್ಟ್ ನಮ್ಮ ಸರ್ವರ್‌ಗೆ ಬರುತ್ತೆ. ನಾನು ಬರೆದ ಫಂಕ್ಷನ್, ಅಂದರೆ ಪ್ರೋಗ್ರಾಮಿನ ಒಂದು ತುಣುಕು, ಅದನ್ನ ಇಸ್ಕೊಂಡು, ವಿವರಗಳನ್ನ ಡೇಟಾಬೇಸಿಗೆ ಸೇರಿಸಿ, ರೆಸ್ಪಾನ್ಸ್, ಅಂದರೆ ಉತ್ತರ, ಕಳಿಸಬೇಕು. ಡೇಟಾಬೇಸ್ ನಿಧಾನ ಅಂತ ನಾನೊಂದು ಅತಿಬುದ್ಧಿ ಮಾಡಿದೆ. ಎಲ್ಲ ಸರಿಯಾಗಿದೆ ಅಂತ ಹೇಳೋ 200 ಅನ್ನೋ ಕೋಡಿನ ರೆಸ್ಪಾನ್ಸನ್ನ ಮೊದಲೇ ಕಳಿಸಿಬಿಡೋದು, ಸೇರಿಸೋ ಕೆಲಸ ಆಮೇಲೆ ನಿಧಾನಕ್ಕೆ ಆಗ್ತಿರಲಿ ಅಂತ. ಪೇಜು ಚಕ್ಕಂತ ಬಂತು. ಟಪಾಲು ಸಾರ್‌ಗೆ ತೋರಿಸಿ ಬೀಗಿದೆ.

"ಅಂದ್ರೆ ಬರ್ಯೋಕ್ ಮುಂಚೆನೇ ಮೊಹರು ಒತ್ಬುಟ್ಟೆ ಅನ್ನು" ಅಂದರು.

ಇವರಿಗೇನು ಗೊತ್ತು ಪಾಪ ಅಂತ ನಕ್ಕುಬಿಟ್ಟೆ.

ಅರ್ಜಿ ಹಾಕೋ ಕೊನೇ ದಿನ ಕಳೆದು ಹಾಸ್ಟೆಲ್ ಸೀಟಿನ ಪಟ್ಟಿ ಹಾಕಿದ್ದಾಯ್ತು. ಮಾರನೇ ದಿನ ಪಾವಗಡದ ಆಚೆ ರಾಯಚರ್ಲಿನಿಂದ ತಾಯಿ ಮಗಳು ಬಂದು ಕಿಟಕಿ ಮುಂದೆ ನಿಂತರು. ಹುಡುಗಿಯ ಹೆಸರು ಪಟ್ಟಿಯಲ್ಲಿಲ್ಲ. ಡೇಟಾಬೇಸಿನಲ್ಲೂ ಇಲ್ಲ. ಆ ತಾಯಿ "ಚೂಡಂಡಿ ಸಾರ್, ಇಂದುಲೋ ಉಂದಿ", ನೋಡಿ ಸಾರ್, ಇದರಲ್ಲಿದೆ ಅಂತ ತೆಲುಗಿನಲ್ಲಿ ಹೇಳ್ತಾ ಫೋನನ್ನ ಕಿಟಕಿಯೊಳಗೆ ಚಾಚಿದರು. ಸ್ಕ್ರೀನ್‌ಶಾಟಿನಲ್ಲಿ ನಾನೇ ಬರೆದ ಸಾಲು: ನಿಮ್ಮ ಅರ್ಜಿ ತಲುಪಿದೆ. ಉತ್ತರ ಮೊದಲೇ ಹೋಗಿತ್ತು, ಆಮೇಲಿನ ಸೇರಿಸೋ ಕೆಲಸ ಮಾತ್ರ ಆಗೇ ಇರಲಿಲ್ಲ. ಹಾಸ್ಟೆಲ್ ಸಿಗದಿದ್ದರೆ ಆ ಹುಡುಗಿಯ ಓದು ಅಲ್ಲಿಗೇ ಮುಗೀತು, ಅಷ್ಟು ದೂರದಿಂದ ದಿನಾ ಓಡಾಡೋಕಾಗುತ್ತಾ? ಅಂಥಾ ಹೊತ್ತಿನಲ್ಲಿ ನಾನು ಏನಂದೆ ಗೊತ್ತಾ? "ನಿಮ್ಮೂರಲ್ಲಿ ನೆಟ್‌ವರ್ಕ್ ಸರಿ ಇರಲಿಲ್ಲ ಅನ್ಸುತ್ತೆ." ಥೂ, ಈಗ ನೆನೆಸಿಕೊಂಡರೂ ನಾಚಿಕೆಯಾಗುತ್ತೆ.

ಟಪಾಲು ಸಾರ್ ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಬೈಯಲಿಲ್ಲ. "ಮೊಹರು ನಮ್ದು ಕಣಮ್ಮ. ಅದು ಬಿದ್ಮೇಲೆ ಅರ್ಜಿ ಬಂದಂಗೇ ಲೆಕ್ಕ. ತಪ್ಪು ನಂದು ಅಂತ ಬರ್ದುಕೊಡು" ಅಂದು ಬಿಳಿ ಹಾಳೆ ಮುಂದಿಟ್ಟರು. ಬರೆದುಕೊಟ್ಟೆ. ಅದನ್ನೂ ರಿಜಿಸ್ಟರಿಗೆ ಏರಿಸಿ, ಮೊಹರು ಹಾಕಿ, ನನ್ನನ್ನ ಕರ್ಕೊಂಡು ಪ್ರಿನ್ಸಿಪಾಲರ ಹತ್ತಿರ ಹೋದರು. ಸೀಟು ಭರ್ತಿಯಾಗಿದೆ ಅಂತ ಅವರು ಎಷ್ಟು ಹೇಳಿದರೂ ಇವರು ಕೂತ ಕುರ್ಚಿ ಬಿಡಲಿಲ್ಲ. ಕೊನೆಗೆ ಹಾಸ್ಟೆಲ್ಲಿನ ಒಂದು ಕೋಣೆಗೆ ಇನ್ನೊಂದು ಮಂಚ ಹಾಕಿಸಿದರು!

ಹಂಗೇ ಕಳೆದುಹೋದ ಅರ್ಜಿ ಇನ್ನೂ ಇದ್ದಾವಾ ಅಂತ ಸರ್ವರಿನ ದಾಖಲೆಯೆಲ್ಲ ಜಾಲಾಡಿದೆ; ಪುಣ್ಯಕ್ಕೆ ಇರಲಿಲ್ಲ. ಫಂಕ್ಷನ್ ತಿದ್ದಿದೆ. ಮೊದಲು ಸೇರಿಸು, ಸೇರಿದ್ದು ಖಾತ್ರಿಯಾದ ಮೇಲೆ ಉತ್ತರ ಕಳಿಸು, ಆಗದಿದ್ದರೆ ಆಗಲಿಲ್ಲ ಅಂತಲೇ ಹೇಳು. ಟಪಾಲು ಸಾರ್‌ಗೆ ವಿವರಿಸಿದರೆ "ಈಗ ಸರೋಯ್ತು ಬುಡು" ಅಂತ ತಮ್ಮ ಟೀಯಲ್ಲಿ ಅರ್ಧ ನನಗೆ ಬಗ್ಗಿಸಿದರು. ಅವರ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಅವತ್ತೇ...

ಈಗ ಆ ಕಿಟಕಿ ಮುಚ್ಚಿದೆ. ಇವತ್ತು ಅದೇ ರಾಯಚರ್ಲಿನ ಹುಡುಗಿ ಬಂದಿದ್ದಳು, ಓದು ಮುಗಿದು ಸರ್ಟಿಫಿಕೇಟ್ ಇಸ್ಕೊಳ್ಳೋಕೆ. ಕೈಯಲ್ಲಿ ಒಂದು ಚೀಲ ಕಡ್ಲೆಕಾಯಿ. "ನಮ್ಮ ಹೊಲದ್ದು ಮೇಡಂ, ಟಪಾಲು ಸಾರ್‌ಗೆ. ಎಲ್ಲಿ ಅವ್ರು?"

ಅವರು ತೀರಿಕೊಂಡದ್ದು ರಜೆಯಲ್ಲಿ. ಅವಳಿಗೆ ಸುದ್ದಿ ಮುಟ್ಟಿರಲಿಲ್ಲ. ಕೇಳ್ಕೊಂಡು ಬಂದವಳಿಗೆ ಉತ್ತರ ಕೊಡಬೇಕಲ್ಲ. "ಅವ್ರು ಹೋಗ್ಬುಟ್ರು ಕಣಮ್ಮ" ಅಂದೆ. ಅಲ್ಲೇ ಬೆಂಚಿನ ಮೇಲೆ ಕೂತು ಅತ್ತಳು. ಚೀಲ ಮಾತ್ರ ವಾಪಸ್ ಒಯ್ಯಲಿಲ್ಲ.

ಅವಳು ಹೋದ ಮೇಲೆ ಆ ಡ್ರಾಯರ್ ತೆಗೆದೆ. ಹಳೇ ರಿಜಿಸ್ಟರಿನಲ್ಲಿ ಬರೆದೆ. ಯಾರಿಂದ: ಅವಳ ಹೆಸರು. ಏನು: ಕಡ್ಲೆಕಾಯಿ, ಒಂದು ಚೀಲ. ಯಾರಿಗೆ: ಟಪಾಲು ಸಾರ್. ಪ್ಯಾಡಿಗೆ ನಾಲ್ಕು ಹನಿ ನೀರು ಬಿಟ್ಟು ಮೊಹರು ಕೈಗೆ ತಗೊಂಡೆ. 'ತಲುಪಿದೆ' ಅಂತ ಹೆಂಗೆ ಒತ್ತಲಿ? ಒತ್ತಲಿಲ್ಲ. ಮೊಹರು ಒಳಗಿಟ್ಟು ಡ್ರಾಯರ್ ಮುಚ್ಚಿದೆ.